ಕೋಡಿಂಗ್ ಬರದ ಟೀಚರ್ ಗಣಿತದ ಆಟ ಮಾಡುವುದು ಹೇಗೆ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6 ಮತ್ತು 7ನೇ ತರಗತಿಗೆ ಗಣಿತ ಕಲಿಸುತ್ತೇನೆ. ಭಿನ್ನರಾಶಿ ಪಾಠ ಬಂತೆಂದರೆ ಅರ್ಧ ತರಗತಿ ಮಂಕಾಗುತ್ತದೆ. ಆಟದ ಮೂಲಕ ಕಲಿಸಬೇಕೆಂದು ಆಸೆ. ಶಾಲೆಯಲ್ಲಿ ಒಂದು ಹಳೇ ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಇವೆ. ಇಂಟರ್ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನನಗೆ ಪ್ರೋಗ್ರಾಮಿಂಗ್ ಸ್ವಲ್ಪವೂ ಬರುವುದಿಲ್ಲ. ಪೈಥಾನ್ ಕಲಿಯಬೇಕಾ, ಸ್ಕ್ರ್ಯಾಚ್ ಕಲಿಯಬೇಕಾ, ಅಥವಾ ದುಡ್ಡು ಕೊಟ್ಟು ಯಾರಿಂದಲಾದರೂ ಆ್ಯಪ್ ಮಾಡಿಸಬೇಕಾ? ಎಐಗೆ ಹೇಳಿದರೆ ಸಾಕು, ಅದೇ ಮಾಡಿಕೊಡುತ್ತದೆ ಎಂದೂ ಕೆಲವರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಪೈಥಾನ್ ಬೇಡ. ದುಡ್ಡು ಕೊಟ್ಟು ಆ್ಯಪ್ ಮಾಡಿಸುವುದೂ ಬೇಡ. ಸ್ಕ್ರ್ಯಾಚ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ವಾರ ನಿಮಗೆ ಬೇಕಾಗಿರುವುದು ಒಂದು ಹಗ್ಗ, ಬಟ್ಟೆ ಒಣಗಿಸುವ ಕ್ಲಿಪ್ಪುಗಳು, ಒಂದಿಷ್ಟು ರಟ್ಟು. ಕಂಪ್ಯೂಟರ್ ಎರಡನೇ ಹಂತ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಕಲಿಕೆಯ ಆಟದಲ್ಲಿ ಮೂರು ಕೆಲಸ ಇರುತ್ತವೆ. ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಗೊತ್ತಿರಬೇಕು. ಆ ಎಡವುವ ಜಾಗಕ್ಕೆ ಆಟವೇ ಮಗುವನ್ನು ಕರೆದುಕೊಂಡು ಹೋಗಬೇಕು. ಆಮೇಲೆ ಅದು ಪರದೆಯ ಮೇಲೆ ಓಡಬೇಕು. ಮೂರನೆಯದಕ್ಕೆ ಈಗ ಬೇಕಾದಷ್ಟು ಸಾಧನಗಳಿವೆ. ಮೊದಲ ಎರಡಕ್ಕೆ ನಿಮ್ಮ ತರಗತಿಯಲ್ಲಿ ನಿಂತು ಪಾಠ ಮಾಡಿದವರೇ ಬೇಕು. ಆ್ಯಪ್ ಮಾಡಿಕೊಡುವ ಹುಡುಗನಿಗೆ ಕೋಡಿಂಗ್ ಬರುತ್ತದೆ, ಆದರೆ 1/4 ಮತ್ತು 1/3 ಕೊಟ್ಟರೆ ನಿಮ್ಮ ಮಕ್ಕಳು '4 ದೊಡ್ಡದು, ಅದಕ್ಕೆ 1/4 ದೊಡ್ಡದು' ಅನ್ನುತ್ತಾರೆ ಎಂದು ಅವನಿಗೆ ಗೊತ್ತಿಲ್ಲ. 1/2 + 1/3 ಕೂಡಿಸಿ 2/5 ಬರೆಯುತ್ತಾರೆ ಎಂದೂ ಗೊತ್ತಿಲ್ಲ. ನಿಮಗೆ ಗೊತ್ತು.

ಹಾಗಾಗಿ ಮೊದಲ ಕೆಲಸ ನೋಟ್‌ಬುಕ್ಕುಗಳ ಕಟ್ಟು ಬಿಚ್ಚುವುದು. ಮತ್ತೆ ಮತ್ತೆ ಕಾಣುವ ನಾಲ್ಕೈದು ತಪ್ಪುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿ ತಪ್ಪಿನ ಎದುರು, ಮಗು ಏನೆಂದು ಯೋಚಿಸಿ ಹೀಗೆ ಬರೆದಿರಬಹುದು ಎಂದು ಒಂದು ಸಾಲು. ನಿಮ್ಮ ಆಟದ ಅರ್ಧ ಭಾಗ ಆ ಹಾಳೆಯಲ್ಲೇ ಇದೆ.

ಇನ್ನು ಎರಡನೇ ಕೆಲಸ. ಹೆಚ್ಚಿನ 'ಎಜುಕೇಶನಲ್ ಗೇಮ್'ಗಳು ಸೋಲುವುದು ಇಲ್ಲೇ. ಕಾರು ಓಡುತ್ತದೆ, ನಾಣ್ಯ ಬೀಳುತ್ತವೆ, ನಡುವೆ ಆಟ ನಿಲ್ಲಿಸಿ ಒಂದು ಲೆಕ್ಕ ಕೇಳುತ್ತಾರೆ. ಸರಿ ಹೇಳಿದರೆ ಕಾರು ಮತ್ತೆ ಓಡುತ್ತದೆ. ಮಗುವಿಗೆ ಇಲ್ಲಿ ಲೆಕ್ಕ ಅಂದರೆ ಆಟಕ್ಕೆ ಅಡ್ಡ ಬಂದ ಟೋಲ್‌ಗೇಟ್. ಬೇಗ ದಾಟಿದರೆ ಸಾಕು ಅನಿಸುತ್ತದೆ. ಇದನ್ನು ಇಂಗ್ಲೆಂಡಿನ ಸಂಶೋಧಕರಾದ ಜೇಕಬ್ ಹ್ಯಾಬ್‌ಗುಡ್ ಮತ್ತು ಶಾರನ್ ಐನ್ಸ್‌ವರ್ತ್ ಸರಿಯಾಗಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಅವರ ಆಟದಲ್ಲಿ ಅಸ್ಥಿಪಂಜರಗಳು ಎದುರು ಬರುತ್ತವೆ. ಒಂದೊಂದರ ಎದೆಯ ಮೇಲೂ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಶೇಷ ಇಲ್ಲದೆ ಭಾಗಿಸುವ ಆಯುಧ ಹಿಡಿದರೆ ಮಾತ್ರ ಅದು ಸೋಲುತ್ತದೆ. ಅಂದರೆ ಭಾಗಾಕಾರವೇ ಹೊಡೆತ. ಅದೇ ಆಟದ ಇನ್ನೊಂದು ರೂಪದಲ್ಲಿ ಹೊಡೆದಾಟಕ್ಕೆ ಲೆಕ್ಕ ಬೇಕಿಲ್ಲ, ಅದೇ ಲೆಕ್ಕಗಳು ಹಂತದ ಕೊನೆಯಲ್ಲಿ ಕ್ವಿಜ್ ಆಗಿ ಬರುತ್ತವೆ. ಭಾಗಾಕಾರವೇ ಹೊಡೆತವಾಗಿದ್ದ ಆಟ ಆಡಿದ ಮಕ್ಕಳು ಜಾಸ್ತಿ ಕಲಿತರು. ಇಷ್ಟ ಬಂದದ್ದು ಆಡಿ ಎಂದು ಬಿಟ್ಟಾಗ ಆ ರೂಪವನ್ನು ಏಳು ಪಟ್ಟು ಜಾಸ್ತಿ ಹೊತ್ತು ಆಡಿದರು. ಚಿತ್ರ, ಸದ್ದು, ಲೆಕ್ಕ ಎರಡರಲ್ಲೂ ಒಂದೇ. ಲೆಕ್ಕ ಎಲ್ಲಿ ಕೂತಿದೆ ಅನ್ನುವುದಷ್ಟೇ ಬೇರೆ.

ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ, ಯಾಕೆಂದರೆ ಅದರಲ್ಲಿ ಕಂಪ್ಯೂಟರೇ ಇಲ್ಲ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ 1ರಿಂದ 10ರವರೆಗೆ ಸಾಲಾಗಿ ಮನೆಗಳಿರುವ ಒಂದು ಆಟ ಆಡಿಸಿದರು. ಸ್ವಲ್ಪ ಹೊತ್ತಿನ ಕೆಲವೇ ಆಟಗಳಲ್ಲಿ ಮಕ್ಕಳ ಸಂಖ್ಯಾಜ್ಞಾನ ಸುಧಾರಿಸಿತು. ಇದು 2008ರ ಮಾತು. ಮುಂದೆ 2014ರಲ್ಲಿ ಎಲಿಡಾ ಲಾಸ್ಕಿ ಮತ್ತು ಸೀಗ್ಲರ್ ನಮ್ಮ ಹಾವು ಏಣಿಯಂಥ 100 ಮನೆಗಳ ಹಲಗೆ ಇಟ್ಟುಕೊಂಡು ಒಂದೇ ಒಂದು ನಿಯಮ ಬದಲಿಸಿ ನೋಡಿದರು. 25ನೇ ಮನೆಯಲ್ಲಿರುವ ಮಗುವಿಗೆ 2 ಬಿದ್ದರೆ, ಒಂದು ಗುಂಪು '26, 27' ಎಂದು ಹೇಳುತ್ತಾ ಕಾಯಿ ನಡೆಸಬೇಕು. ಇನ್ನೊಂದು ಗುಂಪು ನಾವೆಲ್ಲ ಮಾಡುವ ಹಾಗೆ '1, 2' ಎಂದು ಎಣಿಸಿದರೂ ಸಾಕು. ಹಲಗೆ ಅದೇ, ಹೊತ್ತೂ ಅಷ್ಟೇ. '26, 27' ಎಂದು ಹೇಳಿದ ಗುಂಪು ಕಲಿಯಿತು, '1, 2' ಗುಂಪಿಗೆ ಅಂಥ ಲಾಭ ಕಾಣಲಿಲ್ಲ.

ನೋಡಿ, ಬದಲಾಗಿದ್ದು ಬಾಯಲ್ಲಿ ಏನು ಹೇಳಬೇಕು ಅನ್ನುವ ನಿಯಮ ಮಾತ್ರ. ಅದನ್ನು ಬದಲಿಸುವುದಕ್ಕೆ ಯಾವ ಪ್ರೋಗ್ರಾಮರ್ ಬೇಕು? ನಮ್ಮ ರಾಜ್ಯದ ಶಿಕ್ಷಕರಿಗಂತೂ ಇದು ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾದಾಗ, ಆಂಧ್ರದ ಋಷಿ ವ್ಯಾಲಿ ಶಾಲೆಯ ವಿಧಾನ ನೋಡಿ ಬಂದು ಕಾರ್ಡು, ಕಲಿಕಾ ಏಣಿ, ಮೈಲಿಗಲ್ಲುಗಳನ್ನು ಕೂತು ರೂಪಿಸಿದವರಲ್ಲಿ ಶಾಲೆಯ ಶಿಕ್ಷಕರೇ ಇದ್ದರು. ಯಾವ ಮಗು ಯಾವ ಮೆಟ್ಟಿಲಲ್ಲಿದೆ, ಮುಂದಿನ ಮೆಟ್ಟಿಲಿಗೆ ಯಾವ ಕಾರ್ಡು ಅನ್ನುವ ಆ ಯೋಚನೆ ಅಪ್ಪಟ ಗೇಮ್ ಡಿಸೈನ್. ಹೆಸರು ಬೇರೆ, ಅಷ್ಟೇ.

ಈಗ ಹಗ್ಗಕ್ಕೆ ಬರೋಣ.

ಕಿಟಕಿಯಿಂದ ಕಿಟಕಿಗೆ ಒಂದು ಹಗ್ಗ ಕಟ್ಟಿ. ಎಡಗಡೆ ಒಂದು ಕಡೆ '0' ಕಾರ್ಡು ಸಿಕ್ಕಿಸಿ. ಅಲ್ಲಿಂದ ಸರಿಯಾಗಿ 240 ಸೆಂಟಿಮೀಟರ್ ಅಳೆದು '1' ಕಾರ್ಡು ಸಿಕ್ಕಿಸಿ. 240 ಯಾಕೆ ಅಂದರೆ ಅದನ್ನು 2, 3, 4, 5, 6, 8, 10, 12 ಎಲ್ಲದರಿಂದಲೂ ಶೇಷ ಇಲ್ಲದೆ ಭಾಗಿಸಬಹುದು. 1/3 ಅಂದರೆ 80, 3/4 ಅಂದರೆ 180, 5/6 ಅಂದರೆ 200, 3/8 ಅಂದರೆ 90. ಟೇಪಿನಲ್ಲಿ ನೋಡುವುದು ಸುಲಭ. 7 ಮತ್ತು 9 ಛೇದ ಇರುವವನ್ನು ಸದ್ಯಕ್ಕೆ ಬಿಡಿ. ಇನ್ನೊಂದು ಮುಖ್ಯ ವಿಷಯ: '1' ಆದ ಮೇಲೂ ಒಂದು ಮೀಟರಿನಷ್ಟು ಹಗ್ಗ ಹಾಗೇ ಇರಲಿ. ಅದು ಯಾಕೆ ಎಂದು ಮಕ್ಕಳಿಗೆ ಹೇಳಬೇಡಿ.

ತರಗತಿಯಲ್ಲಿ ಎರಡು ತಂಡ. ಒಂದು ತಂಡ ರಾಶಿಯಿಂದ ಒಂದು ಕಾರ್ಡು ಎತ್ತಿ ಹಗ್ಗದ ಮೇಲೆ ಸರಿ ಅನಿಸಿದ ಜಾಗದಲ್ಲಿ ಸಿಕ್ಕಿಸುತ್ತದೆ. ಎದುರು ತಂಡ 'ಒಪ್ಪಿದೆವು' ಅನ್ನಬಹುದು, ಇಲ್ಲವೇ 'ಒಪ್ಪಲ್ಲ' ಎಂದು ಬೇರೆ ಜಾಗ ತೋರಿಸಬಹುದು. ತೋರಿಸಿದರೆ ಕಾರಣ ಹೇಳಬೇಕು. ಮೊದಲ ತಂಡವೂ ತನ್ನ ಕಾರಣ ಹೇಳಬೇಕು. ಇಬ್ಬರೂ ಹೇಳಿದ ಮೇಲೆ ಟೇಪು ತನ್ನಿ. ಯಾರ ಜಾಗ ಹತ್ತಿರವೋ ಅವರಿಗೆ ಒಂದು ಅಂಕ. ಕಾರಣ ಹೇಳದವರಿಗೆ, ಜಾಗ ಸರಿ ಇದ್ದರೂ, ಅಂಕ ಇಲ್ಲ.

ಕಾರ್ಡುಗಳನ್ನು ನೀವು ಬರೆದ ತಪ್ಪುಗಳ ಹಾಳೆ ನೋಡಿ ಜೋಡಿಸಿ. 1/2 ಮೊದಲು ಬರಲಿ, ಆಮೇಲೆ 1/4, ಅದರ ಬೆನ್ನಿಗೇ 1/3. '4 ದೊಡ್ಡದು' ಎಂದು ನಂಬಿದ ಮಗು 1/3 ಅನ್ನು 1/4ರ ಎಡಕ್ಕೆ ಹಾಕುತ್ತದೆ. ಅಲ್ಲೇ ಜಗಳ ಶುರು. ಆ ಜಗಳವೇ ನಿಮಗೆ ಬೇಕಾದ ಪಾಠ. ಸ್ವಲ್ಪ ಹೊತ್ತಿನ ಮೇಲೆ 2/4 ಬರಲಿ. ಜಾಗ ಹುಡುಕುತ್ತಾ ಬಂದ ಮಗು 1/2 ಇರುವಲ್ಲಿಗೇ ಬಂದು ನಿಲ್ಲುತ್ತದೆ. 'ಮೇಡಂ, ಇಲ್ಲಿ ಆಗಲೇ ಕಾರ್ಡಿದೆ' ಅನ್ನುತ್ತದೆ. ಏನೂ ಹೇಳಬೇಡಿ, ಇನ್ನೊಂದು ಕ್ಲಿಪ್ ಕೈಗೆ ಕೊಡಿ. ಒಂದರ ಕೆಳಗೆ ಒಂದು ಸಿಕ್ಕಿಸಲಿ. ಸಮಾನ ಭಿನ್ನರಾಶಿ ಕಣ್ಣೆದುರು ನೇತಾಡುತ್ತಿರುತ್ತದೆ. ಕೊನೆಗೆ 5/4 ಕಾರ್ಡು. 0 ಮತ್ತು 1ರ ನಡುವೆ ಎಷ್ಟು ಹುಡುಕಿದರೂ ಅದಕ್ಕೆ ಜಾಗ ಇಲ್ಲ. ಮಿಕ್ಕ ಒಂದು ಮೀಟರ್ ಹಗ್ಗ ಯಾಕಿತ್ತು ಎಂದು ಯಾರೋ ಒಬ್ಬರಿಗೆ ಹೊಳೆಯುತ್ತದೆ. 300ನೇ ಸೆಂಟಿಮೀಟರಿನಲ್ಲಿ ಅದು ಕೂರಬೇಕು.

ಈ ಆಟವನ್ನು ಎರಡು ಮೂರು ಸಲ ಆಡಿಸಿ, ನಿಯಮ ತಿದ್ದಿ, ಆಮೇಲೆ ಕಂಪ್ಯೂಟರ್ ಮುಂದೆ ಕೂರಿ. ಕಾಗದದ ಮೇಲೆ ನಿಯಮ ಬದಲಿಸುವುದಕ್ಕೆ ಒಂದು ನಿಮಿಷ ಸಾಕು. ಪರದೆಗೆ ಹೋದ ಮೇಲೆ ಬದಲಿಸುವುದಕ್ಕೆ ಒಂದು ಸಂಜೆ ಬೇಕು.

ಕಂಪ್ಯೂಟರಿನಲ್ಲಿ ಮೊದಲ ಆಟಕ್ಕೆ ಪವರ್‌ಪಾಯಿಂಟ್ ಸಾಕು. ಶಾಲೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು ಇದ್ದರೆ ಲಿಬ್ರೆಆಫೀಸ್ ಇಂಪ್ರೆಸ್. ತರಬೇತಿಗೆ ಬರುವ ಶಿಕ್ಷಕರಲ್ಲಿ ಬಹಳ ಜನ ಸ್ಲೈಡ್ ಮಾಡಲು ಬಲ್ಲವರೇ. ಆದರೆ ಸ್ಲೈಡ್ ಒಂದರ ಹಿಂದೆ ಒಂದು ಬರಬೇಕಾಗಿಲ್ಲ, ಮಗು ಒತ್ತಿದ ಕಡೆಗೆ ಹಾರಬಹುದು ಎಂದು ತೋರಿಸಿದಾಗ ಅವರ ಮುಖ ಅರಳುವುದನ್ನು ನೋಡಬೇಕು.

ಒಂದು ಉದಾಹರಣೆ ಮಾಡೋಣ. ಮೊದಲ ಸ್ಲೈಡ್: ಹಬ್ಬದ ದಿನ ಅಜ್ಜಿ ಕೇಳುತ್ತಾಳೆ, 'ಒಂದು ಹೋಳಿಗೆಯನ್ನು 3 ಸಮಪಾಲು ಮಾಡಿ ಒಂದು ಪಾಲು ಕೊಡಲಾ, 4 ಸಮಪಾಲು ಮಾಡಿ ಒಂದು ಪಾಲು ಕೊಡಲಾ? ಯಾವುದರಲ್ಲಿ ನಿನಗೆ ಜಾಸ್ತಿ ಸಿಗುತ್ತದೆ?' ಕೆಳಗೆ ಎರಡು ತಟ್ಟೆಗಳ ಚಿತ್ರ, ಮುಚ್ಚಿಟ್ಟವು. 4 ಎಂದು ಬರೆದ ತಟ್ಟೆ ಒತ್ತಿದರೆ ಹೋಗುವ ಸ್ಲೈಡಿನಲ್ಲಿ 'ತಪ್ಪು' ಎಂದು ಬರೆಯಬೇಡಿ. ಕೆಂಪು ಗುರುತು, ಟೊಂಯ್ ಅನ್ನುವ ಸದ್ದು ಎರಡೂ ಬೇಡ. ಅಲ್ಲಿ ಎರಡೂ ತಟ್ಟೆ ತೆರೆದಿರಲಿ, ಎರಡೂ ಪಾಲು ಪಕ್ಕಪಕ್ಕ ಕಾಣಲಿ. ಅಜ್ಜಿ, 'ಪಕ್ಕದ ತಟ್ಟೆ ನೋಡು, ಯಾಕೆ ಹಿಂಗಾತು?' ಎಂದು ಕೇಳಲಿ. ಸರಿ ಒತ್ತಿದವರಿಗೂ ಎರಡು ತಟ್ಟೆ ಕಾಣಲಿ, ಸುಮ್ನೆ ಚಪ್ಪಾಳೆ ತಟ್ಟಿ ಮುಂದೆ ಕಳಿಸಬೇಡಿ. ಅಂದಾಜಿಗೆ ಒತ್ತಿದವರೂ ಅವರಲ್ಲಿ ಇರುತ್ತಾರೆ.

ತಪ್ಪಿದ ಮಗುವನ್ನು ಮತ್ತೆ ಅದೇ ಪ್ರಶ್ನೆಗೆ ವಾಪಸ್ ಕಳಿಸಬೇಡಿ. ಕಳಿಸಿದರೆ 'ಅದಲ್ಲ ಅಂದರೆ ಇದು' ಎಂದು ಇನ್ನೊಂದನ್ನು ಒತ್ತುತ್ತದೆ, ಕಲಿಯುವುದಿಲ್ಲ. ಅದರ ತಂಗಿಯಂಥ ಇನ್ನೊಂದು ಪ್ರಶ್ನೆಗೆ ಕಳಿಸಿ: 1/5 ಮತ್ತು 1/6. ಅದು ದಾಟಿದರೆ ಮುಖ್ಯ ದಾರಿಗೆ ಸೇರಲಿ. ಮುಖ್ಯ ದಾರಿಯಲ್ಲಿ ಮುಂದೆ 1/3 ಮತ್ತು 2/6 ಇಡಿ, 'ಎರಡೂ ಒಂದೇ' ಎಂಬ ಮೂರನೇ ಬಟನ್ ಜೊತೆ. ಆ ಬಟನ್ ಮೊದಲ ಪ್ರಶ್ನೆಯಿಂದಲೇ ಇರಲಿ, ಇಲ್ಲದಿದ್ದರೆ ಅದು ಬಂದಾಗಲೇ ಉತ್ತರ ಗೊತ್ತಾಗಿಬಿಡುತ್ತದೆ. ಆಮೇಲೆ 3/4 ಮತ್ತು 5/6. ಇಲ್ಲಿ ಪೂರ್ತಿ ಹೋಳಿಗೆಗೆ ಎಷ್ಟು ಕಮ್ಮಿ ಎಂದು ನೋಡುವ ಮಗು ಬೇಗ ಹಿಡಿಯುತ್ತದೆ. ಹದಿನೈದು ಸ್ಲೈಡಿನೊಳಗೆ ಒಂದು ಒಳ್ಳೆ ಆಟ ಆಗುತ್ತದೆ.

ಮಾಡುವ ಕ್ರಮ ಇಷ್ಟೇ. ಪವರ್‌ಪಾಯಿಂಟಿನಲ್ಲಿ ಚಿತ್ರವನ್ನು ಆರಿಸಿ, ಇನ್ಸರ್ಟ್ ಮೆನುವಿನಲ್ಲಿ ಲಿಂಕ್, ಅದರಲ್ಲಿ 'ಪ್ಲೇಸ್ ಇನ್ ದಿಸ್ ಡಾಕ್ಯುಮೆಂಟ್', ಹೋಗಬೇಕಾದ ಸ್ಲೈಡ್. ಇಂಪ್ರೆಸ್‌ನಲ್ಲಿ ಇದೇ ಕೆಲಸಕ್ಕೆ 'ಇಂಟರಾಕ್ಷನ್' ಎಂಬ ಆಯ್ಕೆ ಇದೆ. ಆಮೇಲೆ ಬಹಳ ಜನ ಮರೆಯುವ ಒಂದು ಹೆಜ್ಜೆ: ಪವರ್‌ಪಾಯಿಂಟಿನ ಸ್ಲೈಡ್ ಶೋ ಮೆನುವಿನ 'ಸೆಟ್ ಅಪ್ ಸ್ಲೈಡ್ ಶೋ'ದಲ್ಲಿ 'ಕಿಯಾಸ್ಕ್' ಆಯ್ಕೆ ಮಾಡಿ. ಇಲ್ಲದಿದ್ದರೆ ಮಗು ಪರದೆಯ ಖಾಲಿ ಜಾಗ ಒತ್ತಿದರೂ ಮುಂದಿನ ಸ್ಲೈಡ್ ಬಂದು ಆಟ ಕೆಡುತ್ತದೆ. ಕಿಯಾಸ್ಕ್ ಮಾಡಿದರೆ ನೀವು ಲಿಂಕ್ ಕೊಟ್ಟ ಜಾಗ ಮಾತ್ರ ಕೆಲಸ ಮಾಡುತ್ತದೆ.

ಕನ್ನಡ ಟೈಪಿಂಗ್ ಬಗ್ಗೆ ಒಂದು ಎಚ್ಚರಿಕೆ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದರೆ ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಆ ಫಾಂಟ್ ಇಲ್ಲದ ಪಕ್ಕದ ಶಾಲೆಯಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಶುರುವಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ನುಡಿಯ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ. ಫೋನಿನಲ್ಲಿ ಮಾತಾಡಿ ಟೈಪ್ ಮಾಡಿಸಿ ಕಳಿಸಿಕೊಂಡರೂ ಆದೀತು.

ಇಷ್ಟು ಕೈಗೆ ಬಂದ ಮೇಲೆ ಇನ್ನೆರಡು ಸಾಧನ ನೋಡಬಹುದು. ಟ್ವೈನ್ ಎಂಬುದು 2009ರಲ್ಲಿ ಕ್ರಿಸ್ ಕ್ಲೈಮಸ್ ಮಾಡಿದ ಉಚಿತ ತಂತ್ರಾಂಶ, ಕವಲೊಡೆಯುವ ಕಥೆಗಳಿಗಾಗಿ. ಒಂದು ಪದವನ್ನು ಎರಡೆರಡು ಚೌಕ ಆವರಣದೊಳಗೆ ಹಾಕಿದರೆ ಅದು ಮುಂದಿನ ಪುಟಕ್ಕೆ ಲಿಂಕ್ ಆಗುತ್ತದೆ. ಕನ್ನಡದಲ್ಲೂ ಬರೆಯಬಹುದು. ಕೊನೆಗೆ ವೆಬ್ ಪುಟದಂಥ ಒಂದೇ ಎಚ್‌ಟಿಎಂಎಲ್ ಫೈಲ್ ಸಿಗುತ್ತದೆ, ಇಂಟರ್ನೆಟ್ ಇಲ್ಲದೆಯೂ ಫೋನಿನ ಬ್ರೌಸರಿನಲ್ಲಿ ತೆರೆಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬಹುದು. ಚಿತ್ರ ಸೇರಿಸುವುದು ಸ್ವಲ್ಪ ತಲೆನೋವು, ಹಾಗಾಗಿ ಸಮಾಜ ವಿಜ್ಞಾನ, ಕನ್ನಡ ಪಾಠಗಳಿಗೆ ಜಾಸ್ತಿ ಒಪ್ಪುತ್ತದೆ. ಗಣಿತಕ್ಕೆ ನನ್ನ ಆಯ್ಕೆ ಗೂಗಲ್ ಫಾರ್ಮ್ಸ್, ನೆಟ್ ಇರುವ ದಿನ. ಅದರಲ್ಲಿ 'ರೆಸ್ಪಾನ್ಸ್ ವ್ಯಾಲಿಡೇಶನ್' ಅಂತಿದೆ. '24ರ 3/4 ಎಷ್ಟು?' ಎಂದು ಕೇಳಿ, 18 ಹಾಕದೆ ಮುಂದೆ ಹೋಗದಂತೆ ಬೀಗ ಹಾಕಬಹುದು. ತಪ್ಪಾದಾಗ ಕಾಣುವ ಸಂದೇಶವನ್ನೂ ನೀವೇ ಬರೆಯಬಹುದು. 'ಮೊದಲು 24ನ್ನು 4 ಸಮಪಾಲು ಮಾಡಿ ನೋಡು' ಎಂದು ಬರೆಯಿರಿ. ಇಂಥ ನಾಲ್ಕು ಬೀಗ ಜೋಡಿಸಿದರೆ ಮಕ್ಕಳಿಗೆ ಅದು ಬೀಗ ಒಡೆಯುವ ಆಟ.

ಎಐ ವಿಷಯ. ಹೌದು, ಈಗ ಕನ್ನಡದಲ್ಲೇ ಹೇಳಿದರೂ ಅದು ಆಟದ ಕೋಡ್ ಬರೆದುಕೊಡುತ್ತದೆ. ನಾನು ಬೇಡ ಅನ್ನುವುದಿಲ್ಲ. ಆದರೆ 'ಭಿನ್ನರಾಶಿ ಕಲಿಸುವ ಒಂದು ಗೇಮ್ ಮಾಡಿಕೊಡು' ಅಂದರೆ ಸಾಮಾನ್ಯವಾಗಿ ಬರುವುದು ಅದೇ ಟೋಲ್‌ಗೇಟ್ ಕ್ವಿಜ್. ಹಗ್ಗದ ಆಟದ ನಿಯಮವನ್ನು ನೀವು ಆಡಿಸಿ ತಿದ್ದಿದ್ದೀರಲ್ಲ, ಅದನ್ನು ಸಾಲು ಸಾಲಾಗಿ ಹೇಳಿ. ಮಗು ಕಾರ್ಡನ್ನು ಎಳೆದು ರೇಖೆಯ ಮೇಲೆ ಇಡಬೇಕು. ಇಟ್ಟ ಮೇಲೆ ಸರಿಯಾದ ಜಾಗ ಪಕ್ಕದಲ್ಲಿ ಕಾಣಬೇಕು. 1/4ರ ಎಡಕ್ಕೆ 1/3 ಇಟ್ಟರೆ ಈ ಮಾತು ಬರಬೇಕು. ಎಲ್ಲ ಒಂದೇ ಎಚ್‌ಟಿಎಂಎಲ್ ಫೈಲಿನಲ್ಲಿ ಇರಬೇಕು, ಇಂಟರ್ನೆಟ್ ಇಲ್ಲದೆ ಓಡಬೇಕು. ಮಕ್ಕಳ ಹೆಸರು, ಫೋಟೋ ಯಾವುದನ್ನೂ ಅದಕ್ಕೆ ಕೊಡಬೇಡಿ. ಬಂದ ಆಟವನ್ನು ತರಗತಿಗೆ ಒಯ್ಯುವ ಮೊದಲು ಬೇಕೆಂದೇ ಎಲ್ಲ ತಪ್ಪು ಉತ್ತರ ಹಾಕಿ ನೋಡಿ. ಉತ್ತರ ಟೈಪ್ ಮಾಡುವ ಆಟವಾದರೆ 1/2 ಇರಬೇಕಾದಲ್ಲಿ 2/4 ಹಾಕಿ. ಕೆಲವು ಆಟಗಳು ಅಕ್ಷರಕ್ಕೆ ಅಕ್ಷರ ಹೋಲಿಸಿ ಅದನ್ನು ತಪ್ಪು ಅಂದುಬಿಡುತ್ತವೆ. ಸಮಾನ ಭಿನ್ನರಾಶಿ ಕಲಿಸಿದ ಮರುದಿನ ಕಂಪ್ಯೂಟರ್ ಹೀಗೆ ಹೇಳಿದರೆ ಮಕ್ಕಳು ಯಾರನ್ನು ನಂಬಬೇಕು? ಕನ್ನಡ ವಾಕ್ಯಗಳನ್ನೂ ಒಂದೊಂದಾಗಿ ಓದಿ ತಿದ್ದಿ.

ಸ್ಕ್ರ್ಯಾಚ್ ಬಗ್ಗೆ ಕೇಳಿದ್ದಿರಿ. 2007ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ ಬಿಡುಗಡೆ ಮಾಡಿದ್ದು, ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ವ್ಯವಸ್ಥೆ. ಡೌನ್‌ಲೋಡ್ ಮಾಡಿದರೆ ನೆಟ್ ಇಲ್ಲದೆ ಓಡುತ್ತದೆ. ಚೆನ್ನಾಗಿದೆ, ಆದರೆ ಅದು ನಿಜವಾದ ಪ್ರೋಗ್ರಾಮಿಂಗ್, ಸಮಯ ಬೇಡುತ್ತದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ನಿಮಗಿಂತ ನಿಮ್ಮ 7ನೇ ತರಗತಿಯ ಮಕ್ಕಳ ಕೈಗೆ ಕೊಡುವುದು ಒಳ್ಳೆಯದು. ಯಾಸ್ಮಿನ್ ಕಫಾಯ್ ಎಂಬ ಸಂಶೋಧಕಿ ಬಾಸ್ಟನ್ನಿನ ಒಂದು ಶಾಲೆಯಲ್ಲಿ 4ನೇ ತರಗತಿಯ ಮಕ್ಕಳಿಂದ, ಅವರಿಗಿಂತ ಚಿಕ್ಕವರಿಗೆ ಭಿನ್ನರಾಶಿ ಕಲಿಸುವ ಆಟಗಳನ್ನು ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡಿಸಿದರು. ಆ ಕೆಲಸ 1995ರಲ್ಲಿ ಪ್ರಕಟವಾಯಿತು. ಚಿಕ್ಕವರಿಗೆ ಆಟ ಮಾಡಬೇಕೆಂದರೆ ದೊಡ್ಡವರು ಭಿನ್ನರಾಶಿಯನ್ನು ಮತ್ತೆ ಮೊದಲಿನಿಂದ ಯೋಚಿಸಲೇಬೇಕು, ಅಲ್ವಾ? ನಿಮ್ಮ 7ನೆಯವರು 5ನೆಯವರಿಗಾಗಿ ಸ್ಲೈಡ್ ಆಟ ಮಾಡಲಿ. ಸ್ಕ್ರ್ಯಾಚ್ ಇಲ್ಲದೆಯೂ ಇದು ಆಗುತ್ತದೆ.

ಒಂದೇ ಪರದೆ, ತರಗತಿ ತುಂಬ ಮಕ್ಕಳು ಇದ್ದಾಗ ಜಾಣ ಹುಡುಗನೊಬ್ಬ ಕೂಗುತ್ತಾನೆ, ಉಳಿದವರು ತಲೆಯಾಡಿಸುತ್ತಾರೆ. ಇದನ್ನು ತಡೆಯಲು ಮೌಸ್ ಮುಟ್ಟುವ ಮೊದಲು ಜೋಡಿ ಜೋಡಿಯಾಗಿ ಸ್ಲೇಟಿನಲ್ಲಿ ಉತ್ತರ ಬರೆದು ಎತ್ತಿ ಹಿಡಿಯಲಿ. ಒಂದು ಸ್ಮಾರ್ಟ್‌ಫೋನ್ ಇದ್ದರೆ ಪ್ಲಿಕರ್ಸ್ ಎಂಬ ಆ್ಯಪ್ ನೋಡಿ. ಪ್ರತಿ ಮಗುವಿಗೆ ಒಂದು ಮುದ್ರಿತ ಕಾರ್ಡು. ಎ, ಬಿ, ಸಿ, ಡಿಗೆ ತಕ್ಕಂತೆ ಕಾರ್ಡನ್ನು ತಿರುಗಿಸಿ ಹಿಡಿದರೆ ನಿಮ್ಮ ಫೋನಿನ ಕ್ಯಾಮೆರಾ ಎಲ್ಲರ ಉತ್ತರ ಓದಿಕೊಳ್ಳುತ್ತದೆ. ಮಕ್ಕಳ ಬಳಿ ಏನೂ ಸಾಧನ ಬೇಕಿಲ್ಲ, ಪಕ್ಕದವರ ಉತ್ತರವೂ ಸುಲಭಕ್ಕೆ ಕಾಣುವುದಿಲ್ಲ.

ಇಡೀ ತರಗತಿಗೆ ತೋರಿಸುವ ಮೊದಲು ಮೂರು ನಾಲ್ಕು ಮಕ್ಕಳಿಗೆ ಆಡಲು ಕೊಟ್ಟು ನೀವು ಹಿಂದೆ ಕೂರಿ. ಜಾಣರನ್ನಷ್ಟೇ ಕರೆಯಬೇಡಿ. ಬಾಯಿ ಬಿಡಬೇಡಿ, ಇದು ಬಹಳ ಕಷ್ಟ, ಆದರೂ ಬಿಡಬೇಡಿ. ಎಲ್ಲಿ ನಿಂತರು, ಯಾವುದನ್ನು ಓದದೆ ಒತ್ತಿದರು, ಏನು ಮಾತಾಡಿಕೊಂಡರು ಎಂದು ಬರೆದುಕೊಳ್ಳಿ. ಕೆಲವು ವಾರ ಬಿಟ್ಟು, ಆಟದಲ್ಲಿ ಇಲ್ಲದ ಸಂಖ್ಯೆಗಳನ್ನು ಹಾಕಿ ಅದೇ ಬಗೆಯ ಪ್ರಶ್ನೆಯನ್ನು ಕಾಗದದ ಮೇಲೆ ಕೇಳಿ. ಮಕ್ಕಳು ಆಟ ಇಷ್ಟಪಟ್ಟರು ಅನ್ನುವುದು ಸಂತೋಷ, ಕಲಿತರು ಅನ್ನುವುದು ಆ ಕಾಗದದಲ್ಲಿ ಗೊತ್ತಾಗುತ್ತದೆ.

ಆಟ ಚೆನ್ನಾಗಿ ಕೂತ ಮೇಲೆ ಕ್ಲಸ್ಟರ್ ಸಮಾಲೋಚನಾ ಸಭೆಗೆ ಒಯ್ಯಿರಿ. ತಿದ್ದಲು ಬರುವ ಮೂಲ ಫೈಲನ್ನೇ ಕೊಡಿ, ಬರೀ ಶೋ ಫೈಲ್ ಕೊಟ್ಟರೆ ಬೇರೆಯವರು ತಮ್ಮ ಮಕ್ಕಳಿಗೆ ತಕ್ಕಂತೆ ಬದಲಿಸಲು ಅಡಚಣೆ. ಗೂಗಲ್‌ನಿಂದ ಎತ್ತಿದ ಚಿತ್ರಗಳ ಬದಲು ನೀವೇ ತೆಗೆದ ಹೋಳಿಗೆಯ ಫೋಟೋ ಹಾಕಿ, ಹಂಚಿಕೊಳ್ಳಲು ಯಾರ ಅನುಮತಿಯೂ ಬೇಕಾಗುವುದಿಲ್ಲ. ಕೊನೆಯ ಸ್ಲೈಡಿನಲ್ಲಿ ಇದು ಯಾವ ತಪ್ಪು ತಿಳಿವಳಿಕೆಗಾಗಿ ಮಾಡಿದ ಆಟ, ಯಾವ ತರಗತಿಗೆ, ಮಕ್ಕಳು ಎಲ್ಲಿ ನಿಲ್ಲುತ್ತಾರೆ ಎಂದು ಮೂರು ಸಾಲು ಬರೆದಿಡಿ. ಪಕ್ಕದ ಶಾಲೆಯ ಟೀಚರಿಗೆ ಆಟದಷ್ಟೇ ಆ ಮೂರು ಸಾಲೂ ಕೆಲಸಕ್ಕೆ ಬರುತ್ತವೆ.